ಅಡುಗೆಮನೆಯ ಹಿಂದಿನ ಸುರಂಗ

ಟೂ ಹಾರ್ಬರ್ಸ್, ಮಿನೆಸೋಟ
ಫೆಬ್ರವರಿ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗ ಐವರ್‌ಗೆ,

ಹೇಗಿದ್ದೀಯ? ಹಲ್ಲುನೋವು ಇಳಿಯಿತೇ? ಜೈಲಿನ ಒಂಟಿ ಕೋಣೆಯಲ್ಲಿ ಹೊದೆಯಲು ಎರಡು ಕಂಬಳಿ ಕೊಡುತ್ತಾರೋ ಒಂದೇ ಕೊಡುತ್ತಾರೋ ಎಂದು ಯಾರನ್ನು ಕೇಳಿದರೂ ಸರಿಯಾಗಿ ಹೇಳುತ್ತಿಲ್ಲ. ಇಲ್ಲಿ ಸರೋವರದ ಅಂಚು ಹೆಪ್ಪುಗಟ್ಟಿದೆ, ನನ್ನ ಮಂಡಿ ಯಥಾಪ್ರಕಾರ. ಮಕ್ಕಳಿಬ್ಬರೂ ಚೆನ್ನಾಗಿದ್ದಾರೆ. ಅವರಮ್ಮ ಡೇನಾಗೆ ವೃದ್ಧಾಶ್ರಮದಲ್ಲಿ ಭಾನುವಾರವೂ ಪಾಳಿ ಇರುವುದರಿಂದ ಮೊಮ್ಮಕ್ಕಳು ಇಡೀ ದಿನ ನನ್ನ ಪಾಲಿಗೆ. ಈ ಕಾಗದವನ್ನು ನಿನಗಿಂತ ಮೊದಲು ಓದುವವರಿಗೂ ನನ್ನ ನಮಸ್ಕಾರ. ಇದರಲ್ಲಿ ನಕ್ಷೆ ಇಲ್ಲ, ಬೇಕಾದರೆ ಬೆಳಕಿಗೆ ಹಿಡಿದು ನೋಡಿಕೊಳ್ಳಲಿ.

ತಪ್ಪು ನನ್ನದು ಐವರ್. ಅದು ಹೇಗಾಯಿತೆಂದು ನಿನಗೆ ಪೂರ್ತಿ ಗೊತ್ತಿಲ್ಲ, ಹೇಳಿಬಿಡುತ್ತೇನೆ. ನೀನು ಕುಡಿದು ಕಾರು ಓಡಿಸಿ ಒಳಗೆ ಹೋದ ಮೇಲೆ ಈ ಮನೆಯಲ್ಲಿ ಆಟ ನಿಂತೇಹೋಯಿತು ಎಂದುಕೊಂಡಿದ್ದೆ. ಐದು ವರ್ಷ ಪ್ರತಿ ಭಾನುವಾರ ನೀನು ಆ ಹಳೆಯ ಟಿವಿಯನ್ನು ಊಟದ ಮೇಜಿನ ಮೇಲೆ ಅಂಗಾತ ಮಲಗಿಸಿ, ಅದರ ಪರದೆಯಲ್ಲಿ ಕೋಟೆಯ ನಕ್ಷೆ ಮೂಡಿಸಿ, ಲ್ಯಾಪ್‌ಟಾಪ್ ಮುಂದೆ ಕೂತು ಕಥೆ ಹೇಳುತ್ತಿದ್ದೆ, ಮಕ್ಕಳು ದಾಳ ಎಸೆದು ಆ ಕಥೆಯೊಳಗಿನ ವೀರರಾಗಿ ಆಡುತ್ತಿದ್ದರು. ಪರದೆಯ ಮೇಲೆ ಅವರ ಪಾತ್ರಗಳ ಬಿಲ್ಲೆಗಳು ಹೋದಲ್ಲೆಲ್ಲ ಕೋಟೆಯ ಕತ್ತಲು ಸರಿದು ಒಂದೊಂದೇ ಕೋಣೆ ಕಾಣುತ್ತಿತ್ತು. ತಟ್ಟೆ ಇಡಲು ಜಾಗವಿಲ್ಲವೆಂದು ನಾನು ಒಲೆಯಿಂದ ತೆಗೆದ ಬಿಸಿ ಹಾಟ್‌ಡಿಶ್ ಪಾತ್ರೆ ಹಿಡಿದು ಗೊಣಗುತ್ತಿದ್ದೆ. ನೀನು ಹೋದ ಮೇಲೆ ಜಾಗ ಬೇಕಾದಷ್ಟಿತ್ತು, ಊಟವೇ ಸೇರುತ್ತಿರಲಿಲ್ಲ. ಮೂರನೆಯ ಭಾನುವಾರ ಸಿಗ್ರಿಡ್ ತಾನಾಗಿಯೇ ಬಂದು ಟಿವಿ ಮಲಗಿಸಿ, ನಿನ್ನ ಪಾಸ್‌ವರ್ಡ್ ಹಾಕಿ, ಇನ್ನು ಮುಂದೆ ಕಥೆ ನಾನು ಹೇಳುತ್ತೇನೆ, ಅಪ್ಪನೂ ನಮ್ಮ ಜೊತೆ ಒಬ್ಬ ಆಟಗಾರ ಎಂದಳು. ಹನ್ನೆರಡು ವರ್ಷದ ಹುಡುಗಿ. ನಿನಗೊಂದು ಬಿಲ್ಲೆಯನ್ನೂ ಮಾಡಿದಳು, ಕೊಡಲಿ ಹಿಡಿದ ಕುಳ್ಳ. ಆಟಕ್ಕೆ ಬಾರದವರ ಬಿಲ್ಲೆಯನ್ನು ಕಥೆಯೊಳಗೆ ಎಲ್ಲಾದರೂ ಇಡಲೇಬೇಕು ಎಂಬುದು ನೀನೇ ಮಾಡಿದ ಕಟ್ಟಳೆಯಲ್ಲವೇ? ಕುಳ್ಳನನ್ನು ಎಲ್ಲಿಡುವುದೆಂದು ಟೋಬಿ ಕೇಳಿದ.

"ಜೈಲಲ್ಲಿ ಕಣೋ," ಎಂದಳು ಅಕ್ಕ. "ಇನ್ನೆಲ್ಲಿರ್ತಾನೆ?"

ನಗಬೇಕೋ ಅಳಬೇಕೋ ತಿಳಿಯದೆ ನಾನು ನಲ್ಲಿ ತಿರುಗಿಸಿಕೊಂಡು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಆಮೇಲೆ ಅಂಚೆಯ ಆಟ ಶುರುವಾಯಿತು. ಕುಳ್ಳ ಮುಂದೇನು ಮಾಡುತ್ತಾನೆಂದು ನೀನು ಕಾಗದದಲ್ಲಿ ಬರೆಯುತ್ತಿದ್ದೆ. ಅಲ್ಲಿ ದಾಳ ಇಟ್ಟುಕೊಳ್ಳಲು ಬಿಡುವುದಿಲ್ಲವೆಂದು ನಿನ್ನ ಪರವಾಗಿ ಟೋಬಿಯೇ ಎಸೆಯುತ್ತಿದ್ದ. ಕಂಪ್ಯೂಟರಿನ ದಾಳವನ್ನು ಅವನು ಮುಟ್ಟುವುದಿಲ್ಲ, ಅದು ಮೋಸ ಮಾಡುತ್ತದಂತೆ. ನಿನ್ನ ಆ ಇಪ್ಪತ್ತು ಮುಖದ ಹಸಿರು ದಾಳಕ್ಕೆ ಮುತ್ತು ಕೊಟ್ಟೇ ಎಸೆಯಬೇಕು. ನೀನು ಒಂದು ಸಲ ಕೊಡಲಿ ಬೀಸುವಷ್ಟರಲ್ಲಿ ಹದಿನೈದು ದಿನ ಕಳೆಯುತ್ತಿತ್ತು. ಆದರೂ ಈ ಕಾಗದಗಳಿಂದಲೇ ಬದುಕಿದ್ದೇನೆ ಅಮ್ಮಾ ಎಂದು ನೀನು ಬರೆದೆ. ಅದನ್ನು ಓದಿದ ಮೇಲೆ ನಾನು ಮಕ್ಕಳಿಗಿಂತ ಹೆಚ್ಚು ಉಮೇದಿನಲ್ಲಿದ್ದೆ. ಜನವರಿಯಲ್ಲಿ ಕುಳ್ಳನನ್ನು ಬಿಡಿಸಿಕೊಂಡು ಬರುವುದೆಂದು ತೀರ್ಮಾನವಾಯಿತು. ಸಿಗ್ರಿಡ್ ಎರಡು ವಾರ ಕೂತು ಕೋಟೆಯ ನಕ್ಷೆ ಮಾಡಿದಳು. ಬಾಗಿಲು ಎಲ್ಲೆಲ್ಲಿವೆ, ಕಾವಲುಗಾರರು ಯಾವ ಹೊತ್ತಿಗೆ ಬದಲಾಗುತ್ತಾರೆ, ಎಲ್ಲ ಕೆಂಪು ಬಣ್ಣದಲ್ಲಿ. ಸುರಂಗ ಎಲ್ಲಿಂದ ತೋಡಲಿ ಎಂದು ನನ್ನನ್ನು ಕೇಳಿದಳು. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು ನಾನು, ಕಸ ಹೊರಗೆ ಹಾಕುವ ಹಿಂದಿನ ಬಾಗಿಲನ್ನು ಯಾರೂ ಕಾಯುವುದಿಲ್ಲ, ಅಲ್ಲಿಂದ ತೋಡು ಎಂದೆ. ಗ್ರಂಥಾಲಯಕ್ಕೆ ಹೋಗಿ ಬಣ್ಣದಲ್ಲಿ ಅಚ್ಚು ಹಾಕಿಸಿದವಳೂ ನಾನೇ. ಅಪ್ಪಾ ಹದಿನಾರನೇ ತಾರೀಖು ರೆಡಿಯಾಗಿರು, ಹಗ್ಗ ನಾನು ತರ್ತೀನಿ ಎಂದು ಟೋಬಿ ಕೆಳಗೆ ಬರೆದ. ಅದನ್ನು ಓದಿ ನಕ್ಕು, ಮಡಿಸಿ, ಲಕೋಟೆಗೆ ಹಾಕಿ ಅಂಟಿಸಿದೆ. ಎಂಥ ಜಾಗದ ವಿಳಾಸ ಬರೆಯುತ್ತಿದ್ದೇನೆಂದು ನನಗೆ ಹೊಳೆಯಲೇ ಇಲ್ಲ. ಅಕ್ಷರ ದುಂಡಗೆ ಬಂತೇ ಎಂದು ಮಾತ್ರ ನೋಡಿದೆ.

ಅಲ್ಲಿ ಲಕೋಟೆ ಒಡೆದವರು ಅದನ್ನು ನಿಜವಾಗಿ ಜೈಲಿನಿಂದ ಓಡಿಹೋಗುವ ಸಂಚೆಂದುಕೊಂಡರು, ನನಗೆ ಜೈಲಿನಿಂದ ಕಾಗದ ಬಂತು. ನಿನಗೆ ಮೂವತ್ತು ದಿನ ಒಂಟಿ ಕೋಣೆ. ಬೇಸಿಗೆ ಮುಗಿಯುವವರೆಗೆ ಭೇಟಿ ಇಲ್ಲ. ಬರುವ ಮೇ ತಿಂಗಳಲ್ಲಿ ಮನೆಗೆ ಬಿಡುವವರ ಪಟ್ಟಿಯಿಂದ ನಿನ್ನ ಹೆಸರು ತೆಗೆದರು, ಇನ್ನು ಮುಂದಿನ ವರ್ಷವೇ ಅಂತೆ. ನಾನು ಫೋನ್ ಮಾಡಿ, ಕಳಿಸಿದ್ದು ನಾನು, ಇದು ಮಕ್ಕಳ ಆಟ, ಬೇಕಾದರೆ ಟಿವಿಯನ್ನೇ ಹೊತ್ತು ತಂದು ತೋರಿಸುತ್ತೇನೆ ಎಂದೆ. ಆ ಅಧಿಕಾರಿ ಬಹಳ ಮರ್ಯಾದಸ್ಥ, ಒಂದು ಸಲವೂ ದನಿ ಏರಿಸಲಿಲ್ಲ.

"ಆಟಾನೇ ಇರಬಹುದಮ್ಮ, ನಾನು ಇಲ್ಲ ಅನ್ನಲ್ಲ. ಆದ್ರೆ ನಕ್ಷೆ ತರಿಸಿಕೊಂಡಿದ್ದು ನಾನೇ ಅಂತ ನಿಮ್ಮ ಮಗ ಸೈನ್ ಹಾಕಿದಾನಲ್ಲ."

ಯಾಕೆ ಸೈನ್ ಹಾಕಿದೆ ಐವರ್? ಸಿಗ್ರಿಡ್ ಹೆಸರು ಆ ಕಾಗದಪತ್ರಗಳಲ್ಲಿ ಬರಬಾರದೆಂದು ತಾನೇ? ನಿನ್ನ ಮೇಲೆ ನನಗೆ ಕೆಟ್ಟ ಸಿಟ್ಟು ಬಂದಿದೆ. ನನ್ನ ಹೆಸರು ಹೇಳಬಾರದಿತ್ತೇ? ಎಪ್ಪತ್ತೊಂದು ವರ್ಷದ ಮುದುಕಿಯನ್ನು ಹಿಡಿದು ಅವರು ಏನು ಮಾಡುತ್ತಿದ್ದರು? ಈಗಲಾದರೂ ಹೇಳು. ಇದನ್ನು ಓದುತ್ತಿರುವವರೂ ಬರೆದುಕೊಳ್ಳಲಿ, ಸುರಂಗ ತೋಡಿಸಿದವಳು ನಾನು. ಹಾಗೆ ಬರೆದುಕೊಂಡರೂ ಏನೂ ಬದಲಾಗುವುದಿಲ್ಲವೆಂದು ನನಗೆ ಗೊತ್ತು. ಚರ್ಚಿನಲ್ಲಿ ಇವತ್ತು ಪ್ರಾರ್ಥನೆಗೆ ಎಲ್ಲರೊಂದಿಗೆ ಎದ್ದು ನಿಂತೆ, ಅದು ಮುಗಿಯುವ ಮೊದಲೇ ಕೂತುಬಿಟ್ಟೆ. ನೀನು ಬರುವಷ್ಟರಲ್ಲಿ ಈ ಮಕ್ಕಳಿಗೆ ಆಟದ ವಯಸ್ಸು ದಾಟಿರುತ್ತದೆ. ನಾನು ಇರುತ್ತೇನೋ ಇಲ್ಲವೋ.

ಮಕ್ಕಳಿಗೆ ಹೇಳಿಲ್ಲ. ಅಂಚೆ ತಡವಾಗಿದೆ ಎಂದಿದ್ದೇನೆ. ಇವತ್ತೂ ಟಿವಿ ಮಲಗಿಸಿ ಕೂತರು. ಸರದಿ ನಿನ್ನದು, ಕುಳ್ಳ ಕೋಣೆಯಲ್ಲೇ ನಿಂತಿದ್ದಾನೆ. ಇರಲಿ ಎಂದು ಟೋಬಿ ದಾಳ ಎಸೆದ, ಇಪ್ಪತ್ತಕ್ಕೆ ಹತ್ತೊಂಬತ್ತು ಬಿತ್ತು. ಅದನ್ನು ಚೀಟಿಯಲ್ಲಿ ಬರೆದು, ಅಪ್ಪನಿಗೆ ಎತ್ತಿಡು ಅಜ್ಜಿ ಎಂದು ನನ್ನ ಕೈಗೆ ಕೊಟ್ಟ. ಸಿಗ್ರಿಡ್ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

ಡೇನಾ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಊಟ ಬಿಡಬೇಡ, ಯಾರೊಂದಿಗೂ ಜಗಳಕ್ಕೆ ಹೋಗಬೇಡ. ದೇವರು ನಿನ್ನ ಜೊತೆಗಿರಲಿ ಎಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದಿದ್ದೇನೆ.

ನಿನ್ನ ಅಮ್ಮ,
ಆರ್ಡಿಸ್

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆಯವನು ಪಕ್ಕದ ಮನೆಯವರೆಗೆ ಬಂದಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಜೈಲಿನಿಂದ ಬಂದಿದ್ದ ಕಾಗದವನ್ನು ಬ್ರೆಡ್ ಡಬ್ಬಿಯ ಕೆಳಗೆ ಇಟ್ಟಿದ್ದೆ, ಸಿಗ್ರಿಡ್ ಓದಿಬಿಟ್ಟಿದ್ದಾಳೆ. ಇವತ್ತು ಶಾಲೆಗೆ ಹೊರಡುವ ಮೊದಲು ಲ್ಯಾಪ್‌ಟಾಪಿನಿಂದ ಆಟವಷ್ಟನ್ನೂ ಅಳಿಸಿದಳು. ನೀನು ಐದು ವರ್ಷ ಮಾಡಿದ್ದೆಲ್ಲ ಹೋಯಿತು ಐವರ್, ಮರಳಿ ಬರುವುದಿಲ್ಲವಂತೆ. ಅವಳು ಅಳಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, "ಅಪ್ಪನಿಗೆ ಬರಿ ಅಜ್ಜಿ, ನಮ್ಮನೇಲಿ ಈಗ ಒಂದು ನಕ್ಷೆನೂ ಇಲ್ಲ, ಅವ್ರು ಬಂದು ಹುಡುಕಿದ್ರೂ ಸಿಗಲ್ಲ" ಎಂದಳು. ಇನ್ನು ಮೇಲೆ ನಿನಗೆ ಕಾಗದವನ್ನೂ ಬರೆಯುವುದಿಲ್ಲವಂತೆ. ಬರೆದರೆ ನಿನಗೆ ಮತ್ತೆ ಮೂವತ್ತು ದಿನ ಹಾಕುತ್ತಾರಂತೆ.