ಖಾಲಿ ಕೋಟು

ಸೋಮವಾರ, ಜೂನ್ ೯. ಬೆಳಗ್ಗೆ

ಎಕ್ಸ್‌ರೇ ಮೆಷಿನ್ ಎಬ್ಬಿಸಿಯಾಯಿತು. ಗುರ್ ಎಂದು ಎದ್ದು ಕೂತಿತು. ಮೊದಲು ಕಿರಣದ ಸಣ್ಣ ಶಾಟ್, ಆಮೇಲೆ ಸ್ವಲ್ಪ ದೊಡ್ಡದು, ಆಮೇಲೆ ಇನ್ನೂ ದೊಡ್ಡದು. ಒಮ್ಮೆಲೇ ದೊಡ್ಡದು ಕೊಟ್ಟರೆ ಟ್ಯೂಬಿನೊಳಗಿನ ಲೋಹದ ತಟ್ಟೆ ಬಿರುಕು ಬಿಡುತ್ತದೆ — ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ನೀರು ಸುರಿದ ಹಾಗೆ. ಆ ಹೊತ್ತಿನಲ್ಲಿ ರೂಮಿನಲ್ಲಿ ಯಾರೂ ಇರಕೂಡದು. ಗುಂಡಿ ಒತ್ತುವವನು ಸೀಸದ ಗೋಡೆಯ ಹಿಂದೆ. ಅಂದರೆ ನಾನು.

ಸಂಬಳ ಅಟೆಂಡರನದು, ದರ್ಬಾರು ಎಕ್ಸ್‌ರೇ ರೂಮಿನದು. ಊರ ಶಾಲೆಯಲ್ಲಿ ಏಳನೇ ಕ್ಲಾಸು ಎರಡು ಸಲ ಓದಿದವನು ನಾನು. ಒಂದೇ ಸಲ ಓದಿದವರಿಗಿಂತ ಗಟ್ಟಿ. ಆದರೂ ಗುಂಡಿ ಒತ್ತುವ ಅಧಿಕಾರ ಟೆಕ್ನಿಷಿಯನ್‌ಗೆ ಮಾತ್ರವಂತೆ. ಟೆಕ್ನಿಷಿಯನ್ ಯಾರು, ನನ್ನ ಅಕ್ಕನ ಮಗಳು ಗುಬ್ಬಿ. ನಾನಿಟ್ಟ ಅಡ್ಡಹೆಸರು. ಈಗ ಇಡೀ ಆಸ್ಪತ್ರೆಯೇ ಹಾಗೆ ಕರೆಯುತ್ತದೆ, ಅವಳಿಗೆ ಉರಿ.

ಗುಬ್ಬಿಗೆ ಎರಡನೇ ತಿಂಗಳು. ಆಸ್ಪತ್ರೆಯಲ್ಲಿ ನನಗೊಬ್ಬನಿಗೇ ಗೊತ್ತು. ಹೇಳಿದರೆ ರೂಮಿನಿಂದ ಎಬ್ಬಿಸಿ ಚೀಟಿ ಬರೆಯಲು ಕೂರಿಸುತ್ತಾರೆ ಎಂದು ಬಾಯಿ ಬಿಟ್ಟಿಲ್ಲ. ಬೆಳಗ್ಗೆ ವಾಂತಿ, ಬರುವುದು ತಡ. ಅದಕ್ಕೇ ಹೇಳಿದಳು:

"ಮಾವ, ಬೆಳಗ್ಗೆ ವಾರ್ಮ್‌ಅಪ್ ಒಂದು ಮಾಡಿಬಿಡು. ಬೇರೇನೂ ಮುಟ್ಬೇಡ. ಬಾಯಿಗೆ ಬೀಗ."

ಮುಟ್ಟಿಲ್ಲ. ಮೆಷಿನ್ನಿನಲ್ಲಿ ಬೇರೇನೂ ಮುಟ್ಟಿಲ್ಲ ಎಂದರ್ಥ. ಖಾಲಿ ರೂಮಿಗೆ ಶಾಟ್ ಹೊಡೆಯುವುದು ಬೇಜಾರು. ನೋಡುವವರಿಲ್ಲದೆ ನನ್ನಂಥ ಕಲಾವಿದ ಕೆಲಸ ಮಾಡುವುದು ಹೇಗೆ... ಗುಬ್ಬಿಯ ಬಿಳಿ ಕೋಟು ಗೂಟದಿಂದ ತೆಗೆದು, ಎದೆ ಫೋಟೋ ತೆಗೆಯುವ ಸ್ಟ್ಯಾಂಡಿಗೆ ತೂಗುಹಾಕಿ, ಗುಂಡಿ ಹಾಕಿ ನಿಲ್ಲಿಸುತ್ತೇನೆ. ಅದೇ ನಮ್ಮ ದೊಡ್ಡ ಡಾಕ್ಟರು.

"ಡಾಕ್ಟ್ರೇ, ಗಲ್ಲ ಮೇಲೆ. ಹೊಟ್ಟೆ ಒಳಗೆ ಎಳ್ಕೊಳ್ಳಿ. ಆಗಲ್ಲ ಅಂತ ಗೊತ್ತು, ಪ್ರಯತ್ನ ಮಾಡಿ."

ಶಾಟ್. ಗುಬ್ಬಿ ಬರುವಷ್ಟರಲ್ಲಿ ಕೋಟು ವಾಪಸ್ ಗೂಟದಲ್ಲಿ.


ಸೋಮವಾರ, ಜೂನ್ ೧೬

ಬ್ಯಾಡ್ಜ್ ಬದಲಾಯಿಸುವ ದಿನ. ಬೆಂಕಿಪೊಟ್ಟಣದಷ್ಟು ಡಬ್ಬಿ, ಒಳಗೆ ಚೂರು ಫಿಲ್ಮ್. ಹಾಕಿಕೊಂಡವರ ಮೈಗೆ ಎಷ್ಟು ಕಿರಣ ತಾಗಿದೆ ಎಂದು ಅದು ಚಾಡಿ ಹೇಳುತ್ತದೆ. ಗುಬ್ಬಿ ಕೋಟಿನ ಜೇಬಿನಿಂದ ತನ್ನದು ಕಿತ್ತಳು, ನನ್ನದೂ ಸೇರಿಸಿ ಬ್ಯಾಡ್ಜ್ ಪರೀಕ್ಷಿಸುವ ಆಫೀಸಿಗೆ ಪಾರ್ಸೆಲ್ ಮಾಡಿದಳು. ಹೊಸದು ಸಿಕ್ಕಿಸಿಕೊಂಡಳು. ನನ್ನದರಲ್ಲಿ ಯಾವತ್ತೂ ಸೊನ್ನೆ. ಕಿರಣಕ್ಕೂ ನನ್ನ ಕಂಡರೆ ಭಯ.

ಮಧ್ಯಾಹ್ನ ಮೊಣಕೈ ಮುರಿದುಕೊಂಡ ತಾತ ಬಂದ. ಫೋಟೋ ಆದ ಮೇಲೆ ಕಿಟಕಿ ತೆರೆದು ಟವೆಲ್ ಬೀಸಿದೆ.

"ಯಾಕಪ್ಪಾ ಬೀಸ್ತಿದೀಯಾ?"

"ಮಿಕ್ಕಿದ ಕಿರಣ ಓಡಿಸ್ತಿದೀನಿ ತಾತ. ಇಲ್ಲದಿದ್ರೆ ನಿಮ್ಮ ಜೊತೆ ಮನೆಗೆ ಬರುತ್ತೆ."

ತಾತ ಅಂಗಿ ಕೊಡವಿಕೊಂಡು ಹೋದ. ತಮಾಷೆಗೆ ಹೇಳಿದ್ದಲ್ಲ, ಕಿರಣ ಹೊಗೆಯ ಹಾಗೆ ನಿಲ್ಲುತ್ತದೆಂದು ನನಗೂ ಒಳಗೊಳಗೆ ಅನುಮಾನ. ಗುಬ್ಬಿ ಹಣೆ ಚಚ್ಚಿಕೊಂಡಳು.


ಶುಕ್ರವಾರ, ಜುಲೈ ೪

ಇವತ್ತಿನ ಅಕ್ಷರ ಕಾಗೆ ಕಾಲು.

ಬ್ಯಾಡ್ಜಿನ ವರದಿ ಬಂತು. ನನ್ನದು ಸೊನ್ನೆ. ಗುಬ್ಬಿಯದು... ವರ್ಷಕ್ಕೆ ಇಷ್ಟು ಮೀರಬಾರದು ಎಂಬ ಗೆರೆ ಇದೆಯಲ್ಲ, ಅದನ್ನು ದಾಟಿ ಎಲ್ಲೋ ಹೋಗಿದೆ. ಕೆಂಪು ಅಕ್ಷರದಲ್ಲಿ.

ಓದಿದಳು. ಮಡಚಿದಳು. ಮತ್ತೆ ಬಿಡಿಸಿ ಓದಿದಳು. ಕುರ್ಚಿ ಹಿಂದಿದೆಯೋ ಇಲ್ಲವೋ ನೋಡದೆ ಕೂತಳು. ಇತ್ತು, ಪುಣ್ಯ. ಕೈ ಹೊಟ್ಟೆಯ ಮೇಲೆ.

"ಗುಬ್ಬಿ, ಬೇರೆ ಯಾರದ್ದೋ ಇರಬೇಕು."

"ನಂಬರ್ ನಂದೇ ಮಾವ."

ಅಷ್ಟೇ. ಆಮೇಲೆ ಹೊರಗೆ ಕಾಯುತ್ತಿದ್ದವರನ್ನೆಲ್ಲ ನಾನೇ ಕಳಿಸಿದೆ. ಒಬ್ಬನಿಗೂ ತಮಾಷೆ ಮಾಡಲಿಲ್ಲ.


ಶನಿವಾರ, ಜುಲೈ ೫. ಸಂಜೆ

ಅಕ್ಕನ ಮನೆ. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು, ಯಾರೂ ಎದ್ದು ತಿರುಗಿಸಲಿಲ್ಲ.

ಬೆಳಗ್ಗೆ ಹೆಂಗಸರ ಡಾಕ್ಟರ ಹತ್ತಿರ ಹೋಗಿದ್ದರಂತೆ. ಈ ಲೆಕ್ಕ ನಿಜವಾದರೆ ನಾನು ಧೈರ್ಯ ಹೇಳಲಾರೆ ಎಂದರಂತೆ. ಕೂಸಿನ ಅಂಗಾಂಗ ಕೂಡಿಬರುವ ವಾರಗಳು ಅವು. ಇಟ್ಟುಕೊಳ್ಳುವುದು, ಬಿಡುವುದು ನಿಮ್ಮ ತೀರ್ಮಾನ, ಆದರೆ ಬೇಗ. ಬುಧವಾರ ಹತ್ತು ಗಂಟೆಗೆ ಸಮಯ ಕೊಟ್ಟಿದ್ದಾರೆ.

ಗುಬ್ಬಿಯ ಗಂಡ ಬಸ್ ಡ್ರೈವರ್. ನೂರು ಜನರ ಜೀವ ಹೊತ್ತು ಓಡಿಸುವವನು, ಇವತ್ತು ನೀರಿನ ಲೋಟ ಹಿಡಿಯಲಾರದೆ ಕೆಳಗಿಟ್ಟ.

"ಮುಂದೆ ಆ ಮಗು ನರಳೋದನ್ನ ನೋಡೋಕ್ಕಾಗಲ್ಲ," ಎಂದ.

ಅಕ್ಕ: "ರೂಮಿನ ಕೆಲಸ ಹೋಗುತ್ತೆ ಅಂತ ಮುಚ್ಚಿಟ್ಟೆಯಲ್ಲೇ. ಈಗ ನೋಡು."

ಗುಬ್ಬಿ ಮೂರು ವರ್ಷ ಕಾದ ಬಸಿರು ಇದು. ಅಕ್ಕ ನನ್ನ ಕಡೆ ಎರಡು ಸಲ ತಿರುಗಿ ನೋಡಿದಳು, ಇವನು ಇದ್ದಾನೋ ಎದ್ದುಹೋದನೋ ಎಂದು.


ಸೋಮವಾರ, ಜುಲೈ ೭. ಮಧ್ಯಾಹ್ನ

ಬರೆದುಬಿಡಬೇಕು. ಇಲ್ಲದಿದ್ದರೆ ಎದೆ ಒಡೆಯುತ್ತದೆ.

ರೋಗಿಗಳಿಗೆ ರೂಮು ಬಂದ್. ಬೆಳಗ್ಗೆ ಎಂಜಿನಿಯರ್ ಬಂದು ಗೋಡೆ, ಬಾಗಿಲು, ಸೀಸದ ಗಾಜು ಎಲ್ಲ ಅಳೆದ. ಎಲ್ಲೂ ಸೋರಿಕೆ ಇಲ್ಲ. ಅವನು ಹೋದ ಮೇಲೆ ಗುಬ್ಬಿ ಒಳಗೆ ಟ್ಯೂಬನ್ನೇ ನೋಡುತ್ತ ನಿಂತಿದ್ದಳು. ನಾನೂ ನಿಂತೆ.

"ಗುಬ್ಬಿ, ಮಿಕ್ಕಿದ ಕಿರಣ ರೂಮಲ್ಲೇ ಉಳಿದು..."

"ಉಳಿಯಲ್ಲ ಮಾವ. ಎಷ್ಟು ಸಲ ಹೇಳ್ಲಿ. ಇಲ್ಲಿ ಒಳಗೆ ಬಲ್ಬಿನ ಹಾಗೆ ಒಂದು ತಂತಿ ಇದೆ. ಕಾದರೆ ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಹೊರಬೀಳ್ತವೆ. ಎದುರುಗಡೆ ಲೋಹದ ತಟ್ಟೆ. ಗುಂಡಿ ಅರ್ಧ ಒತ್ತಿದಾಗ ಗುರ್ ಅನ್ನುತ್ತಲ್ಲ, ಅದೇ ತಟ್ಟೆ ತಿರುಗೋದು. ಪೂರ್ತಿ ಒತ್ತಿದ್ರೆ ಭಾರೀ ಕರೆಂಟಿನ ಎಳೆತಕ್ಕೆ ಕಣಗಳೆಲ್ಲ ಓಡಿಬಂದು ತಟ್ಟೆಗೆ ಗುದ್ದುತ್ತವೆ. ಅಷ್ಟು ಜೋರಾಗಿ ಓಡ್ತಿದ್ದದ್ದು ಗಕ್ಕನೆ ನಿಂತ್ರೆ ಆ ಶಕ್ತಿ ಎಲ್ಲಿಗೆ ಹೋಗ್ಬೇಕು? ಮುಕ್ಕಾಲು ಪಾಲಲ್ಲ, ಹೆಚ್ಚುಕಡಿಮೆ ಎಲ್ಲ ಶಾಖ ಆಗುತ್ತೆ. ತಟ್ಟೆ ತಿರುಗದಿದ್ರೆ ಒಂದೇ ಕಡೆ ಬಿದ್ದು ಕರಗಿಹೋಗುತ್ತೆ. ಉಳಿದ ಒಂದು ಚಿಟಿಕೆ ಇದೆಯಲ್ಲ, ಅದು ಎಕ್ಸ್‌ರೇ."

"ಚಿಟಿಕೆನಾ?"

"ಚಿಟಿಕೆ. ಗುಂಡಿ ಬಿಟ್ರೆ ಗುದ್ದೋದು ನಿಂತ್ಹೋಯ್ತು, ಅದೂ ಇಲ್ಲ. ದೀಪ ಆರಿಸಿದ ಮೇಲೆ ಬೆಳಕು ಮೂಲೇಲಿ ಕೂತಿರುತ್ತಾ? ಅದು ಹೊರಡೋದು ಈ ಕಿಂಡಿಯಿಂದ, ನೆಟ್ಟಗೆ. ಮೈಗೆ ಬಡಿದು ಅಷ್ಟಿಷ್ಟು ಅಕ್ಕಪಕ್ಕ ಚದುರುತ್ತೆ, ಅದಕ್ಕೇ ಆ ಗೋಡೆ. ನಾನು ಯಾವತ್ತೂ ಗೋಡೆ ಹಿಂದೆ. ಬ್ಯಾಡ್ಜು ಇಷ್ಟು ಕಪ್ಪಾಗ್ಬೇಕಾದ್ರೆ ಕಿಂಡಿ ಎದುರಿಗೇ ನಿಂತಿರ್ಬೇಕು. ದಿನಾ ನಿಂತಿರ್ಬೇಕು. ನಾನು ಯಾವಾಗ ನಿಂತೆ ಮಾವ..."

ಬೆರಳು ತೋರಿಸುತ್ತಲೇ ಇದ್ದಳು. ಕಿಂಡಿ. ಅಲ್ಲಿಂದ ನೆಟ್ಟಗೆ ನನ್ನ ಕಣ್ಣು ಹೋಯಿತು. ಎದುರಿಗೆ ಸ್ಟ್ಯಾಂಡ್.

ಮೊದಲು ಕಿವಿ ಮುಚ್ಚಿದ ಹಾಗಾಯಿತು. ಅವಳ ತುಟಿ ಅಲ್ಲಾಡುತ್ತಿತ್ತು, ಶಬ್ದವಿಲ್ಲ.

ಕೋಟು. ಜೇಬಿನಲ್ಲಿ ಬ್ಯಾಡ್ಜ್.

ನನ್ನ ಡಾಕ್ಟರು.


ಅದೇ ದಿನ. ಸಂಜೆ

ಹೇಳಿದೆ. ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂರಿಸಿ ಹೇಳಿದೆ. ದಿನಾ ಬೆಳಗ್ಗೆ, ವಾರ್ಮ್‌ಅಪ್ ಶಾಟ್, ನಿನ್ನ ಕೋಟು, ಗಲ್ಲ ಮೇಲೆ ಡಾಕ್ಟ್ರೇ... ನೀನು ಮನೆಯಲ್ಲಿ ವಾಂತಿ ಮಾಡ್ಕೊತಿದ್ದ ಹೊತ್ತಲ್ಲಿ ಕಿರಣ ಬಿದ್ದದ್ದು ಬಟ್ಟೆಗೆ. ನಿನಗಲ್ಲ, ಕೂಸಿಗಲ್ಲ.

ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಸಿದ್ಧನಾಗಿದ್ದೆ. ನನ್ನ ಮುಖ ನೋಡಿದಳು. ಕನಿಕರದಿಂದ.

"ಮಾವ, ನಾನು ಚಿಕ್ಕವಳಿದ್ದಾಗ ನಾಯಿಮರಿ ಸತ್ತಾಗ ಏನಂದೆ ನೆನಪಿದೆಯಾ? ಅದು ಸರ್ಕಸ್ಸಿಗೆ ಸೇರ್ಕೊಂಡಿದೆ, ಸೈಕಲ್ ಹೊಡೀತಿದೆ ಅಂದೆ. ಎಂಟನೇ ಕ್ಲಾಸ್‌ವರೆಗೂ ನಂಬಿದ್ದೆ ನಾನು."

"ಇದು ಹಾಗಲ್ಲ..."

"ಅಪ್ಪ ಹೋದಾಗ್ಲೂ ಒಂದು ಕತೆ ಕಟ್ಟಿದ್ದೆ. ನಾನು ಅಳಬಾರ್ದು ಅಂತ. ಗೊತ್ತು. ಈಗ್ಲೂ ಅದೇ. ನೀನೇ ತಪ್ಪು ಹೊತ್ಕೊಂಡು, ಕೆಲಸ ಕಳ್ಕೊಂಡು... ಬೇಡ ಮಾವ. ಇದನ್ನ ನಂಬಿ ಬುಧವಾರ ಹೋಗದೆ ಇದ್ದು, ಆಮೇಲೆ ಹುಟ್ಟಿದ್ದು ಸರಿ ಇಲ್ಲದಿದ್ರೆ?"

ದೇವರಾಣೆ ಅಂದೆ. "ದೇವರ ಹೆಸರಲ್ಲೂ ಎಷ್ಟು ಸಲ ಹೇಳಿದೀಯ," ಅಂದಳು. ಅದೂ ನಿಜ.

ಜೀವಮಾನವಿಡೀ ಜನ ನನ್ನ ಸುಳ್ಳು ನಂಬಿದ್ದಾರೆ. ಒಂದು ನಿಜ ಹೇಳಿದೆ, ಮಾರಲಿಕ್ಕೆ ಆಗುತ್ತಿಲ್ಲ.


ಮಂಗಳವಾರ, ಜುಲೈ ೮

ಬೆಳಗ್ಗೆ ಅವಳ ಮನೆ ಬಾಗಿಲಲ್ಲಿ ಹೋಗಿ ಕೂತೆ. ಗಂಡ ನಾಳೆಗೆ ರಜೆ ಹಾಕಲು ಡಿಪೋಗೆ ಹೊರಟಿದ್ದ. ನನ್ನನ್ನು ದಾಟಿ ಹೋದ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ದಾಟುವ ಹಾಗೆ.

"ಗುಬ್ಬಿ, ನನ್ನ ಮಾತು ಬೇಡ. ನೀನು ಓದಿದವಳು. ಬ್ಯಾಡ್ಜು ಮೈಮೇಲಿತ್ತಾ, ಗೂಟದ ಮೇಲಿತ್ತಾ... ಅದನ್ನೇ ಕೇಳೋಕೆ ದಾರಿ ಇಲ್ವಾ?"

ತಲೆ ಬಾಚುತ್ತಿದ್ದಳು. ಬಾಚಣಿಗೆ ಕೂದಲಲ್ಲೇ ನಿಂತಿತು.

"ಫಿಲ್ಮು," ಎಂದಳು. ನನಗಲ್ಲ, ಕನ್ನಡಿಗೆ.

ಡಬ್ಬಿಯಲ್ಲಿ ಫಿಲ್ಮಿನ ಮುಂದೆ ಸಣ್ಣ ಲೋಹದ ತುಂಡುಗಳಿರುತ್ತವಂತೆ. ಓಡಾಡುವವರ ಮೈಮೇಲಿದ್ದರೆ ಕಿರಣ ದಿನಕ್ಕೊಂದು ದಿಕ್ಕಿನಿಂದ ಬರುತ್ತದೆ, ತುಂಡುಗಳ ನೆರಳು ಕಲಸಿಹೋಗುತ್ತದೆ. ಅಲ್ಲಾಡದೆ ಟ್ಯೂಬಿನ ಎದುರಿಗೇ ನೇತಾಡಿದ್ದರೆ ನೆರಳು ಬ್ಲೇಡಿನಲ್ಲಿ ಕೊಯ್ದ ಹಾಗೆ ಚೂಪು. ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಕೇಳಲಿಲ್ಲ. ಆ ಕೆಂಪು ಅಕ್ಷರ ನೋಡಿದ ಮೇಲೆ ಯಾರಿಗೆ ಏನು ಹೊಳೆದೀತು.

ಪರೀಕ್ಷೆಯ ಆಫೀಸಿಗೆ ಫೋನ್ ಮಾಡಿದಳು. ವರದಿ ಕೊಡುವುದು ನಮ್ಮ ಕೆಲಸ, ಫಿಲ್ಮ್ ನೋಡಲು ದೊಡ್ಡ ಡಾಕ್ಟರ ಅರ್ಜಿ ಬೇಕು ಎಂದರು. ದೊಡ್ಡ ಡಾಕ್ಟರ ಮುಂದೆ ಹೋಗಿ ನಾನೇ ಒದರಿದೆ. ಗುಂಡಿ ಒತ್ತಿದ್ದು, ಕೋಟು, ಎಲ್ಲ. ಡಾಕ್ಟ್ರೇ ಅಂತ ಕರೆದದ್ದೊಂದು ಬಿಟ್ಟೆ.

ಅವರು ಕನ್ನಡಕ ತೆಗೆದರು. "ನಿನ್ನನ್ನ ಏನು ಮಾಡ್ಬೇಕು ಅಂತ ಆಮೇಲೆ ನೋಡ್ತೀನಿ," ಎಂದು ಅರ್ಜಿಗೆ ಸಹಿ ಹಾಕಿದರು.

ಉತ್ತರ ನಾಳೆಯಂತೆ. ನಾಳೆ ಎಷ್ಟು ಹೊತ್ತಿಗೆ ಎಂದು ಹೇಳಲಿಲ್ಲ.


ಬುಧವಾರ, ಜುಲೈ ೯

ಹೆಂಗಸರ ವಾರ್ಡಿನ ಬೆಂಚು. ಗುಬ್ಬಿ, ಅವಳ ಗಂಡ, ಅಕ್ಕ. ನಾನು ಎದುರು ಗೋಡೆಗೆ ಒರಗಿ, ಕೂರಲು ಯಾರೂ ಹೇಳಲಿಲ್ಲ. ನರ್ಸ್ ಬಂದು ಬಟ್ಟೆ ಬದಲಾಯಿಸಿಕೊಳ್ಳಿ ಎಂದಳು. ಗುಬ್ಬಿ ಎದ್ದಳು.

ಫೋನ್.

ಅವಳು ಸ್ಪೀಕರ್ ಹಾಕಿದಳು. ಆ ಕಡೆ ವಯಸ್ಸಾದ ಹೆಂಗಸಿನ ದನಿ, ನಿಧಾನ.

"ಫಿಲ್ಮ್ ನನ್ನ ಕೈಯಲ್ಲಿದೆ ಅಮ್ಮ. ನೆರಳು ತುಂಬಾ ಚೂಪಾಗಿದೆ. ಎಲ್ಲ ಒಂದೇ ದಿಕ್ಕು, ಎದುರಿಗೇ. ಇದು ಜನರ ಮೈಮೇಲಿದ್ದ ಬ್ಯಾಡ್ಜ್ ಅಲ್ಲ. ಎಲ್ಲೋ ತೂಗುಹಾಕಿದ್ರಾ?"

ಗುಬ್ಬಿ ಗೋಡೆ ಹಿಡಿದು ಕೆಳಗೆ ಕೂತಳು. ಗಂಡ ಪಕ್ಕದಲ್ಲಿ ಕೂತು ಅವಳ ಪಾದ ಹಿಡಿದುಕೊಂಡ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಆ ದನಿ "ಅಮ್ಮ, ಕೇಳಿಸ್ತಿದೆಯಾ" ಎನ್ನುತ್ತಲೇ ಇತ್ತು.

ಅಕ್ಕ ನನ್ನ ಹತ್ತಿರ ಬಂದಳು. ಕೆನ್ನೆಗೆ ಒಂದು ಬಿಟ್ಟಳು. ಮತ್ತೆ ಅದೇ ಕೆನ್ನೆ ಹಿಡಿದುಕೊಂಡು ಅತ್ತಳು.


ಮಂಗಳವಾರ, ಜುಲೈ ೨೨

ಎರಡು ವಾರ ಬರೆಯಲಿಲ್ಲ. ಬರೆಯುವಂಥದ್ದು ಏನಿತ್ತು. ನನ್ನನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದ್ದಾರೆ, ವಿಚಾರಣೆ ಮುಗಿಯುವವರೆಗೆ. ಗುಬ್ಬಿಯನ್ನು ಚೀಟಿ ಬರೆಯುವ ಕಿಟಕಿಗೆ. ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದಳು, ನಾನೂ.

ಇವತ್ತು ಒದ್ದೆ ಬೆಡ್‌ಶೀಟ್ ಹಿಂಡುತ್ತಿದ್ದಾಗ ಬಾಗಿಲಲ್ಲಿ ನಿಂತಳು.

"ಸ್ಕ್ಯಾನ್ ಇದೆ. ಇವ್ರಿಗೆ ಡ್ಯೂಟಿ. ಬಾ."

"ನಾನಾ?"

"ಇದರಲ್ಲಿ ಕಿರಣ ಇಲ್ಲ, ಬರೀ ಶಬ್ದದ ಅಲೆ. ನೀನು ಕೆಡಿಸೋಕೆ ಏನೂ ಇಲ್ಲ. ಕೈ ಒರೆಸ್ಕೊಂಡು ಬಾ."

ಕತ್ತಲೆ ರೂಮು. ನಾನು ಬಾಗಿಲಿಗೆ ಅಂಟಿಕೊಂಡೆ. ತೆರೆಯ ಮೇಲೆ ಬರೀ ಬೂದು, ಹೊಳೆಯ ಕೆಸರಿನ ಹಾಗೆ. ಎಷ್ಟೋ ಜನರ ಮೂಳೆ ನೋಡಿದ ಕಣ್ಣಿಗೆ ಏನೂ ತಿಳಿಯಲಿಲ್ಲ. ಡಾಕ್ಟರಮ್ಮ ಒಂದು ಕಡೆ ಬೆರಳಿಟ್ಟರು. ಅಲ್ಲೊಂದು ಚುಕ್ಕೆ ಮಿಟುಕುತ್ತಿತ್ತು, ಬೇಗ ಬೇಗ. ಆಮೇಲೆ ಅದರ ಪಕ್ಕ ಕಾಲಿನಂಥದ್ದು ಚಾಚಿತು. ಮಡಚಿತು. ಮತ್ತೆ ಚಾಚಿತು.

ಏನೋ ಹೇಳಲು ಬಾಯಿ ತೆರೆದೆ. ಗುಬ್ಬಿ ತೆರೆಯಿಂದ ಕಣ್ಣು ಕೀಳದೆ ಕೈ ಎತ್ತಿದಳು.

"ಮಾವ, ಒಂದು ಮಾತೂ ಬೇಡ. ಸುಮ್ನೆ ನೋಡು."

ನೋಡಿದೆ. ಅದು ಇನ್ನೊಂದು ಕಾಲೂ ಚಾಚಿತು.