ಹಳೆಯ ಕ್ಲಾರಿನೆಟ್ಟಿನ ವಯಸ್ಸು

ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಗುಂಡನಿಗೆ (ತಲೆ ನರೆತರೂ ನನಗೆ ನೀನು ಗುಂಡನೇ),

ಅಕ್ಕನ ಆಶೀರ್ವಾದ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡ. ಕೆಲಸ ಜಾಸ್ತಿ ಅಂತ ನೆಪ ಹೇಳಬಹುದಿತ್ತು. ನಿಜವೆಂದರೆ ಹತ್ತು ದಿನದಿಂದ ಪೆನ್ನು ಹಿಡಿದರೆ ಕೈ ಮುಂದಕ್ಕೆ ಹೋಗುತ್ತಿಲ್ಲ.

ಪಕ್ಕದ ಊರಿನ ಬ್ಯಾಂಡ್ ಮಾಸ್ಟರ್ ಒಬ್ಬರು, ವಯಸ್ಸಾದವರು, ನನ್ನ ರಿಪೇರಿ ಅಂಗಡಿಗೆ ಒಂದು ಮರದ ಕ್ಲಾರಿನೆಟ್ ತಂದರು. ಅವರ ಅಜ್ಜನದಂತೆ, ಇನ್ನೂರು ವರ್ಷ ಹಳೆಯದಂತೆ. ಮೊಮ್ಮಗಳು ನುಡಿಸುವ ಹಾಗೆ ಮಾಡಿಕೊಡಿ ಅಂದರು. ವಯಸ್ಸು ಗೊತ್ತಾಗದೆ ಕೈ ಹಚ್ಚುವುದಿಲ್ಲ ಅಂದೆ. ಅಷ್ಟು ಹಳೆಯ ವಾದ್ಯವನ್ನು ಇಂದಿನ ಶ್ರುತಿಗೆ ತರುತ್ತೇನೆಂದು ರಂಧ್ರ ಕೊರೆದರೆ ಅದನ್ನು ಕೊಂದ ಹಾಗೆಯೇ.

ಮೂರು ದಿನ ಅದರ ಜೊತೆಯೇ ಕೂತೆ. ಮರ ಈಗಿನವುಗಳಂತೆ ಕಪ್ಪಲ್ಲ, ಜೇನಿನ ಬಣ್ಣ. ರಂಧ್ರ ಮುಚ್ಚುವ ಲೋಹದ ಕೀಗಳೂ ಹದಿಮೂರೇ, ಈಗಿನವುಗಳಲ್ಲಿ ಹದಿನೇಳು. ಆದರೆ ಇನ್ನೂರು ವರ್ಷದ ಹಿಂದೆ ಕೀಗಳನ್ನು ಮರದಲ್ಲೇ ಕೆತ್ತಿದ ಉಬ್ಬುಗಳಿಗೆ ಸಿಕ್ಕಿಸುತ್ತಿದ್ದರು. ಇದರಲ್ಲಿ ಲೋಹದ ಪುಟ್ಟ ಕಂಬಗಳಿವೆ. ಅವು ಮೊದಲಿಂದ ಇದ್ದವೋ, ಆಮೇಲೆ ಯಾರಾದರೂ ಸೇರಿಸಿದರೋ? ತಿಳಿಯಬೇಕಾದರೆ ಎಲ್ಲ ಕೀ ಬಿಚ್ಚಬೇಕು. ಸ್ಕ್ರೂಗಳು ತುಕ್ಕು ಹಿಡಿದು ಕೂತಿದ್ದವು, ಒಂದು ಎಳೆ ಹೆಚ್ಚು ತಿರುಗಿಸಿದರೂ ಮರ ಸೀಳುತ್ತದೆ. ಉಸಿರು ಬಿಗಿಹಿಡಿದು ಒಂದೊಂದೇ ಬಿಚ್ಚಿದೆ. ಕೆಳಗೆ ಮರ ನುಣುಪಾಗಿತ್ತು, ಉಬ್ಬು ಕೆತ್ತಿ ತೆಗೆದ ಗುರುತೇ ಇಲ್ಲ. ಕಂಬಗಳು ಹುಟ್ಟಿನಿಂದಲೇ ಇದ್ದವು. ಹೆಚ್ಚೆಂದರೆ ನೂರಮೂವತ್ತು ವರ್ಷ.

ಕೊನೆಯ ಉದ್ದ ಕೀ ತೆಗೆದಾಗ ಅದರ ಅಡಿಯಲ್ಲಿ ಸೂಜಿಯಿಂದ ಗೀಚಿದ್ದು ಕಂಡಿತು. ಒಂದು ಕೊಕ್ಕೆ, ಕೆಳಗೆ ಎರಡು ಚುಕ್ಕೆ, ಪಕ್ಕದಲ್ಲಿ ತಾರೀಖು. ರಿಪೇರಿ ಮಾಡಿದವರು ಹಾಗೆ ಗುರುತು ಹಾಕಿಡುವುದುಂಟು. ಅದು ಅಪ್ಪನ ಗುರುತು, ಗುಂಡ. ನನಗೆ ಕೆಲಸ ಕಲಿಸಿದ ಕೈ, ನಾನು ತಪ್ಪುವುದಿಲ್ಲ. ಅಪ್ಪ ಮನೆ ಬಿಟ್ಟಾಗ ನಿನಗೆ ನಾಲ್ಕು, ನನಗೆ ಹತ್ತೊಂಬತ್ತು. ಅದೇ ವರ್ಷ ಯಾವುದೋ ಆಸ್ಪತ್ರೆಯಲ್ಲಿ ತೀರಿಕೊಂಡರು ಅಂತ ಅಮ್ಮ ಹೇಳಿದ್ದಳು. ಈ ತಾರೀಖು ಅದಕ್ಕಿಂತ ಹನ್ನೊಂದು ವರ್ಷ ಈಚಿನದು.

ಬ್ಯಾಂಡ್ ಮಾಸ್ಟರ್ ಬಂದಾಗ ಮೊದಲು ವಾದ್ಯದ ವಯಸ್ಸು ಹೇಳಿದೆ. ಹಾಗಾದರೆ ನಮ್ಮಜ್ಜ ಎಪ್ಪತ್ತು ವರ್ಷ ಸೇರಿಸಿ ಬುರುಡೆ ಬಿಟ್ಟಿದ್ದಾನೆ ಅಂತ ನಕ್ಕರು. ನನಗೆ ನಗು ಬರಲಿಲ್ಲ. ಹಿಂದೆ ರಿಪೇರಿ ಮಾಡಿದ್ದು ಯಾರು ಅಂತ ಕೇಳಿದೆ. ಅವರ ಊರಿನ ಸ್ಟೇಷನ್ ಹಿಂದೆ ಮಹಡಿಯ ಮೇಲೊಬ್ಬರಿದ್ದರಂತೆ, ಒಂಟಿ ಮನುಷ್ಯ, ಮಾತು ಕಡಿಮೆ, ಮರುವರ್ಷವೇ ಎದೆನೋವಿನಿಂದ ಹೋದರಂತೆ. ಬಸ್ಸಿನಲ್ಲಿ ಒಂದು ಗಂಟೆ ದಾರಿ, ಗುಂಡ. ಆಮೇಲೆ ಏನೋ ನೆನಪಾಗಿ ಅಂದರು: "ನನಗಿಂತ ನನ್ನ ಮಗಳ ಕೈ ಚೆನ್ನಾಗಿದೆ ಅಂತಿದ್ರು. ಎಲ್ಲಿದ್ದಾಳೆ ಅಂದ್ರೆ ಮಾತು ತೇಲಿಸಿಬಿಡೋರು."

ಮರದಲ್ಲಿದ್ದ ಹಳೆಯ ಬಿರುಕು ಮುಚ್ಚಿದೆ, ಕೀಗಳ ಮೆತ್ತೆ ಬದಲಿಸಿದೆ, ಒಂದು ರಂಧ್ರವನ್ನೂ ಕೊರೆಯಲಿಲ್ಲ. ಶ್ರುತಿ ಸ್ವಲ್ಪ ಏರಾಗಿಯೇ ಉಳಿಯಿತು. ನಿನ್ನೆ ಆ ಮೊಮ್ಮಗಳು ಬಂದು ತೆಗೆದುಕೊಂಡು ಹೋದಳು.

ನಿನಗೂ ಮನೆಯವರಿಗೂ ಒಳ್ಳೆಯದಾಗಲಿ. ಬಿ.ಪಿ. ಮಾತ್ರೆ ತಪ್ಪಿಸಬೇಡ.

ನಿನ್ನ
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಅಪ್ಪ ಬದುಕಿದ್ದದ್ದು ನನಗೆ ಗೊತ್ತಿತ್ತು. ನಿನಗೆ ಹನ್ನೆರಡಾಗಿದ್ದಾಗ ಒಂದು ಮಧ್ಯಾಹ್ನ ಅಂಗಡಿ ಬಾಗಿಲಿಗೆ ಬಂದಿದ್ದರು. ಒಂದೇ ಒಂದು ಸಲ ಗುಂಡನನ್ನು ನೋಡಿಕೊಂಡು ಹೋಗುತ್ತೇನೆ ಅಂದರು. ನೀನು ಒಳಗೆ ಗಟ್ಟಿಯಾಗಿ ಪಾಠ ಓದುತ್ತಿದ್ದೆ. "ಅವನ ಪಾಲಿಗೆ ನೀವು ಸತ್ತಾಗಿದೆ" ಅಂದು ಬಾಗಿಲು ಹಾಕಿದೆ. ನಿನ್ನ ಓದು ನಿಲ್ಲುವವರೆಗೂ ಎದುರಿನ ಫುಟ್‌ಪಾತಿನಲ್ಲಿ ನಿಂತಿದ್ದು ಹೋದರು. ಅಮ್ಮನಿಗೂ ಹೇಳಲಿಲ್ಲ. ಯಾರಕ್ಕಾ ಬಂದಿದ್ದು ಅಂತ ನೀನು ಒಳಗಿಂದಲೇ ಕೇಳಿದೆ. ಯಾರೋ ವಿಳಾಸ ತಪ್ಪಿ ಬಂದವರು ಅಂದೆ.