ಎಳ್ಳಿಯ ಎಡಗಣ್ಣು

ನವೆಂಬರ್ 2, ರವಿವಾರ

ಮತ್ತೆ ನೆಲದ ಮೇಲೆ ಬೋರಲು. ನಾಯಿಯ ಫೋಟೋ ನಿಂತು ತೆಗೆದರೆ ತಲೆ ಕುಂಬಳಕಾಯಿ, ಕಾಲು ಬೆಂಕಿಕಡ್ಡಿ. ಅದರ ಕಣ್ಣಿನ ಮಟ್ಟಕ್ಕೆ ನಾವೇ ಇಳಿಯಬೇಕು. ನಿನ್ನೆ ರಾಜ್ಯೋತ್ಸವದ ಮೆರವಣಿಗೆ ಹಿಂದೆ ಓಡಿದ ಮೊಣಕಾಲು ಇವತ್ತು ಇಳಿಯಲೊಲ್ಲದು. ಇಳಿದರೆ ಏಳಲೊಲ್ಲದು.

ಬೈರಿದೇವರಕೊಪ್ಪ, ಗೌರಕ್ಕನ ಶೆಡ್ಡು. ರಿಟೈರ್ಡ್ ಟೀಚರು, ಬೀದಿಯಲ್ಲಿ ಸಿಕ್ಕ ನಾಯಿಗಳನ್ನೆಲ್ಲ ತಂದು ಸಾಕುತ್ತಾರೆ. ತಿಂಗಳ ಕೊನೆಗೆ ಜಾಗ ಖಾಲಿ ಮಾಡಿ ಎಂದು ಮಾಲೀಕರು ಹೇಳಿಬಿಟ್ಟಿದ್ದಾರೆ. ಅಷ್ಟರೊಳಗೆ ಎಲ್ಲಕ್ಕೂ ಮನೆ ಹುಡುಕಬೇಕು. ಅದಕ್ಕೇ ಪೋಸ್ಟರ್, ಅದಕ್ಕೇ ನಾನು. ಮರಿಗಳ ಚಿಂತೆಯಿಲ್ಲ — ಯಾರು ಹೇಗೆ ತೆಗೆದರೂ ಚಂದ. ಚಿಂತೆ ಎಳ್ಳಿಯದು. ಕಪ್ಪಂದರೆ ಕಪ್ಪು, ವಯಸ್ಸಾದವಳು. ದೀಪಾವಳಿ ಪಟಾಕಿಗೆ ಹೆದರಿ ಎಲ್ಲಿಂದಲೋ ಓಡಿಬಂದು ಬೈಪಾಸ್ ಪಕ್ಕ ಸಿಕ್ಕವಳು. ಎಡಗಣ್ಣಿನಲ್ಲಿ ಹೂ ಬಿದ್ದು ಬೆಳ್ಳಗಾಗಿದೆ. ಆ ಕಡೆ ಏನೂ ಕಾಣದು.

“ಇಕಿಗೆ ಮನಿ ಸಿಗಲಿಲ್ಲಂದ್ರ ರಸ್ತೇಕ್ಕ ಬಿಡಬೇಕವಾ ಮಿತ್ರಾ. ಒಂದು ಕಣ್ಣಾಗ ಆ ಲಾರಿಗಳ ನಡುವ ಎಷ್ಟು ದಿನ ಬಾಳತಾಳ?” ಅಂದರು ಗೌರಕ್ಕ. ನಾನು ಲೆನ್ಸ್ ಒರೆಸಿದೆ.

ಕಪ್ಪು ನಾಯಿ ಅಂದರೆ ಕ್ಯಾಮರಾಕ್ಕೂ ತಲೆನೋವು. ಬಿಸಿಲಲ್ಲಿ ಇದ್ದಿಲಿನ ಗುಡ್ಡೆ. ಫ್ಲಾಶ್ ಹೊಡೆದರೆ ಕಣ್ಣು ಹಸಿರು. ಶೆಡ್ಡಿನ ಬಾಗಿಲಲ್ಲಿ, ನೆರಳಿನ ಅಂಚಿಗೆ, ಮುಖ ಹೊರಗಿನ ಬೆಳಕಿಗೆ ಮಾಡಿ ಕೂಡಿಸಿದೆ. ಒಳ್ಳೆಯ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಬಂತು. ಬಿಸ್ಕಿಟು ಲೆನ್ಸಿನ ಮೇಲೆ ಹಿಡಿದು ಕಿಚ್ ಅಂದೆ — ಒಂದೇ ಸಲ. ಎರಡನೇ ಸಲಕ್ಕೆ ನಾಯಿಗೂ ನಮ್ಮ ಆಟ ಗೊತ್ತಾಗುತ್ತದೆ. ಒಂದು ಸಿಕ್ಕಿತು. ಸಾಕು.

ನವೆಂಬರ್ 4, ಮಂಗಳವಾರ. ಮಧ್ಯಾಹ್ನ

ಗೋಕುಲ ರಸ್ತೆ, ಸ್ಟುಡಿಯೋ. ಬೆಳಗಿನಿಂದ ಗಂಡಿನ ಕಡೆಯವರಿಗೆ ಕಳಿಸುವ ಫೋಟೋಗಳೇ. “ಸ್ವಲ್ಪ ಕ್ಲೀನ್ ಮಾಡ್ರಿ ಮೇಡಂ” — ಎಲ್ಲ ತಾಯಂದಿರ ಬಾಯಲ್ಲೂ ಇದೇ. ಕ್ಲೀನ್ ಅಂದರೆ ಮೊಡವೆ ತೆಗಿ, ಬಣ್ಣ ಏರಿಸು, ಮೆಳ್ಳಗಣ್ಣು ನೆಟ್ಟಗೆ ಮಾಡು. ಇದ್ದ ಹುಡುಗಿಯನ್ನು ಅಳಿಸಿ ಇಲ್ಲದ ಹುಡುಗಿಯನ್ನು ಕೂಡಿಸುವುದೇ ನನ್ನ ಹೊಟ್ಟೆಪಾಡು. ಬೇಜಾರು ಕೂಡ ಆಗುವುದಿಲ್ಲ ಈಗೀಗ.

ಅದರ ಹಿಂದೆಯೇ ಎಳ್ಳಿಯ ಫೋಟೋ ತೆರೆದೆ. ಕೈ ತಾನಾಗಿ ಹೋಯಿತು. ಬಾಯಿಯ ಸುತ್ತಲಿನ ನರೆ ಹೋಯಿತು. ಬಲಗಣ್ಣನ್ನು ಕಾಪಿ ಮಾಡಿ, ತಿರುವಿ, ಎಡಕ್ಕೆ ಇಟ್ಟೆ. ಚುಕ್ಕೆ ಸಮೇತ. ಛಲೋ ಕಂಡಳು. ಪೋಸ್ಟರ್ ಪ್ರಿಂಟ್ ಹಾಕಿ ಗೌರಕ್ಕನಿಗೆ ಕಳಿಸಿದೆ. ಆರಿದ ಅನ್ನ ಉಂಡೆ.

ನವೆಂಬರ್ 9, ರವಿವಾರ

ಗೌರಕ್ಕ ಅಮರಗೋಳದ ಮಾರ್ಕೆಟ್ ಯಾರ್ಡಿನ ಚಹಾದಂಗಡಿ ತನಕ ಪೋಸ್ಟರ್ ಅಂಟಿಸಿದ್ದರು. ಎಳ್ಳಿಗೆ ಮನೆ ಸಿಕ್ಕಿತಂತೆ! ಹೊಸ ಅಪಾರ್ಟ್‌ಮೆಂಟಿನವರು, ಚಿನ್ಮಯೀ ಅಂತ. ಡ್ರೈವರನನ್ನು ಕಳಿಸಿ ಒಯ್ದರು. ಬಹಳ ದಿನದ ಮೇಲೆ ಹಗಲು ನಿದ್ದೆ ಮಾಡಿದೆ.

ನವೆಂಬರ್ 13, ಗುರುವಾರ

ಚಿನ್ಮಯೀ ಸ್ಟುಡಿಯೋಕ್ಕೇ ಬಂದರು. ಕೈಯಲ್ಲಿ ಪೋಸ್ಟರ್. ಎಳ್ಳಿಯನ್ನು ಶೆಡ್ಡಿಗೆ ಬಿಟ್ಟು ಬಂದಿದ್ದರು.

“ಕಣ್ಣು ಕಾಣಂಗಿಲ್ಲಂತ ನನಗ ಸಿಟ್ಟಿಲ್ರಿ. ಹೇಳಿದ್ರ ವಿಚಾರ ಮಾಡ್ತಿದ್ದೆ. ನಮ್ಮ ಸಣ್ಣಾಂವ ಎಡಗಡಿಂದ ಹೋಗಿ ಮುಟ್ಟಿದಾ. ಅದು ಬೆಚ್ಚಿ ಹಲ್ಲು ಹಚ್ತು. ಪುಣ್ಯಾ, ಅಂಗಿ ಅಷ್ಟ ಹರೀತು.”

“ತಪ್ಪಾತ್ರಿ” ಅಂದೆ.

“ನಾಯಿ ಫೋಟೋಕ್ಕೂ ಹಿಂಗ್ ಮಾಡ್ತೀರೇನ್ರಿ?”

ನಾಚಿಕೆಯಾಯಿತು. ಅಷ್ಟೇ ಅಲ್ಲ, ಹೆದರಿಕೆಯಾಯಿತು. ಆ ಮಗುವಿನ ಕೈ...

ಗೌರಕ್ಕ ಬೈದಿದ್ದರೆ ಹಗುರವಾಗುತ್ತಿತ್ತು. “ನನಗೂ ಕಂಡಿತ್ತವಾ. ಚಂದ ಕಾಣಾಕತ್ತಾಳ, ಹೆಂಗರ ಮನಿ ಸಿಗಲಿ ಅಂತ ನಾನೂ ಸುಮ್ಮನಾದೆ” ಅಂದರು.

ನವೆಂಬರ್ 16, ರವಿವಾರ

ಹೊಸ ಫೋಟೋ. ಎರಡೂ ಕಣ್ಣು ಇದ್ದಂತೆ ಬರಬೇಕು. ಎದುರಿನಿಂದ ಕೂಗಿದರೆ ಆಗದು — ಕಾಣುವ ಕಣ್ಣು ಮುಂದೆ ಮಾಡಿ ಮುಖ ಅಡ್ಡ ತಿರುಗಿಸುತ್ತಾಳೆ. ಗೌರಕ್ಕನನ್ನು ಅವಳ ಬಲಕ್ಕೆ ಕೂಡಿಸಿ ಮೆಲ್ಲಗೆ ಮಾತಾಡಲು ಹೇಳಿದೆ. ಆ ಕಡೆ ನೋಡಲು ಅವಳು ತಿರುಗಬೇಕಾಗಿಲ್ಲ. ಮುಖ ನೆಟ್ಟಗೆ ನನಗೆ ಸಿಕ್ಕಿತು. ನರೆ, ಹೂ, ಎಲ್ಲ. ಏನೂ ಮುಟ್ಟಲಿಲ್ಲ. ಕೆಳಗೆ ಬರೆದೆ: ಎಡಗಣ್ಣು ಕಾಣುವುದಿಲ್ಲ. ಮೊದಲು ಕರೆಯಿರಿ, ಆಮೇಲೆ ಮುಟ್ಟಿರಿ.

ಸಂಜೆ ಗೌರಕ್ಕನ ಫೋನು. “ಮಾರ್ಕೆಟ್ಟಿನ್ಯಾಗ ಹಳೇ ಪೋಸ್ಟರ ಗ್ವಾಡಿಗೆ ಕಚ್ಚಿಬಿಟ್ಟೈತಿ, ಕಿತ್ತರ ಬರವಲ್ದು. ಅದರ ಬಾಜೂಕ ಹಚ್ಚಿ ಬಂದೇನಿ.”

ನವೆಂಬರ್ 20, ಗುರುವಾರ

ಮರಿಗಳೆಲ್ಲ ಹೋದವು. ಎಳ್ಳಿಗೆ ಒಂದೂ ಫೋನಿಲ್ಲ. ನಿಜ ತೋರಿಸಿದರೆ ಯಾರು ಬರುತ್ತಾರೆ... ಸಾಕಾಗಿದೆ.

ನವೆಂಬರ್ 23, ರವಿವಾರ

ತಿಂಗಳ ಕೊನೆಗೆ ಇನ್ನೂ ವಾರವಿರುವಾಗಲೇ ಶೆಡ್ಡಿನ ತಗಡು ಬಿಚ್ಚುತ್ತಿದ್ದರು. ನಾನು, ಗೌರಕ್ಕ, ಎಳ್ಳಿ. ಗೂಡ್ಸ್ ಗಾಡಿಯೊಂದು ಬಂದು ನಿಂತಿತು. ಇಳಿದವರು ಶಂಭುಲಿಂಗ ಅಂತ, ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರಿ. ಬಿಳೀ ಅಂಗಿ, ಒರಟು ಮುಖ. ದೂರದಿಂದಲೇ ಕರೆದರು —

“ರಂಭಾ.”

ಎಳ್ಳಿ ಎದ್ದಳು. ಇಷ್ಟು ದಿನ ಬಿಸ್ಕಿಟಿಗೂ ಆಡದ ಬಾಲ ಮೈಯೆಲ್ಲ ಕುಣಿಸಿತು. ಅವರು ಧೂಳಲ್ಲೇ ಕೂತುಬಿಟ್ಟರು. ದೀಪಾವಳಿಗೆ ಅಂಗಡಿಯಿಂದ ಓಡಿಹೋದವಳಂತೆ. ಅವರು ಕಣ್ಣೊರೆಸಿಕೊಂಡರು, ನಾನೂ. ಅವಳ ಬಲಕ್ಕೆ ಕೂತು, ಅವಳ ಎಡಗಿವಿ ತುರಿಸುತ್ತ ಹೇಳಿದರು —

“ಆ ಚಹಾದಂಗಡಿ ಗ್ವಾಡಿಮ್ಯಾಲ ಮೊದಲೊಂದು ಕರೀ ನಾಯಿ ಫೋಟೋ ಇತ್ತಲ್ರಿ. ದಿನಾ ನೋಡತಿದ್ದೆ. ಥೇಟ್ ನಮ್ಮ ರಂಭಾನಂಗ, ಆದ್ರ ಎರಡೂ ಕಣ್ಣು ಛಲೋ. ನಮ್ಮಾಕಿ ಅಲ್ಲಂತ ತಿಳಕೊಂಡೆ. ನೋಡಿದಷ್ಟೂ ಸಂಕಟ. ಕಡೀಕ ಅಲ್ಲಿ ಚಹಾಕ್ಕ ಹೋಗೂದನ್ನ ಬಿಟ್ಟೆ. ಇವತ್ತು ಯಾರೋ ಎಳಕೊಂಡು ಹೋದ್ರು, ನೋಡ್ತೀನಿ, ಬಾಜೂಕ ಇಕಿ.”

ಗೌರಕ್ಕ ತಲೆ ತಗ್ಗಿಸಿದರು. ಎಳ್ಳಿಯ ಹಗ್ಗ ಹಿಡಿದು ಎದ್ದ ಶಂಭುಲಿಂಗ ಖಾಲಿ ಶೆಡ್ಡಿನ ಮೂಲೆಮೂಲೆಗೂ ಕಣ್ಣು ಹಾಯಿಸಿದರು.

“ಅಕ್ಕಾರ, ಆ ಇನ್ನೊಂದಕ್ಕ ಮನಿ ಸಿಕ್ತೇನ್ರಿ? ಇಲ್ಲಾಂದ್ರ ಆಕಿನ್ನೂ ಒಯ್ತೀನಿ. ಅಂಗಡ್ಯಾಗ ಜಾಗಾ ಐತಿ. ಎಲ್ಲದಾಳ ಆಕಿ?”

ಗೌರಕ್ಕ ನನ್ನ ಕಡೆ ನೋಡಿದರು.

“ಕಾಕಾರ, ಆ ನಾಯಿ...” ಅಂದೆ. ಅವರು ಕಾಯುತ್ತ ನಿಂತರು. “ಅದೂ ಇಕೀನರಿ. ಆ ಎಡಗಣ್ಣು ನಾನು ಹಚ್ಚಿದ್ದು” ಅಂದೆ.